ಹೇಲ್ಡನ್‌ನ ಬೊಟ್ಟೊ ಮನೆ: ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜೆರ್ಸಿಯ ಈ ಪುಟ್ಟ ಮ್ಯೂಸಿಯಂ ಬಗ್ಗೆ ನಾನು ಬಾಯಿ ತೆರೆದಾಗಲೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಕೆಲವು ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳಿದ್ದು. ಕೆಲವು ಊರಿನಿಂದ ಬಂದ ಪತ್ರಗಳಲ್ಲಿ ಇದ್ದದ್ದು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಹೋಗಿಬರುವ ವಿವರ ಮೊದಲು, ಇತಿಹಾಸ ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಹೋಗುವ ಮುನ್ನ

ಇದು ಯಾವ ಮ್ಯೂಸಿಯಂ? ಹೆಸರೇ ಕೇಳಿಲ್ಲವಲ್ಲ.

ಮ್ಯೂಸಿಯಂ ಹೆಸರು ಅಮೆರಿಕನ್ ಲೇಬರ್ ಮ್ಯೂಸಿಯಂ. ಅದು ಇರುವ ಮನೆಯ ಹೆಸರು ಬೊಟ್ಟೊ ಹೌಸ್. ಪ್ಯಾಟರ್ಸನ್ ನಗರಕ್ಕೆ ಅಂಟಿಕೊಂಡೇ ಇರುವ ಹೇಲ್ಡನ್ ಎಂಬ ಚಿಕ್ಕ ಊರಿನಲ್ಲಿ, ನಾರ್‌ವುಡ್ ಸ್ಟ್ರೀಟಿನ 83ನೇ ನಂಬರ್ ಮನೆ. ಇಟಲಿಯಿಂದ ವಲಸೆ ಬಂದ ಒಂದು ನೇಕಾರ ಕುಟುಂಬ 1908ರಲ್ಲಿ ಇದನ್ನು ಕಟ್ಟಿಸಿತು. 1913ರಲ್ಲಿ ಪ್ಯಾಟರ್ಸನ್ನಿನ ರೇಷ್ಮೆ ಕಾರ್ಮಿಕರು ಮುಷ್ಕರ ಹೂಡಿದಾಗ, ಅವರ ಭಾನುವಾರದ ಸಭೆಗಳು ನಡೆದದ್ದು ಈ ಮನೆಯ ಮುಂದೆ. 1982ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂದು ಘೋಷಿಸಿದರು. ಮರುವರ್ಷ ಮ್ಯೂಸಿಯಂ ಆಗಿ ತೆರೆಯಿತು.

ಒಂದು ಹಳೇ ಮನೆ ಅಷ್ಟೇ ಅಂತೆ. ಅದಕ್ಕೋಸ್ಕರ ಅಷ್ಟು ದೂರ ಹೋಗಬೇಕಾ?

ಹೋಗಬೇಕು ಅಂತಲೇ ನಾನು ಹೇಳುತ್ತೇನೆ. ಅರಮನೆ ನೋಡುತ್ತೇವೆ, ಕೋಟೆ ನೋಡುತ್ತೇವೆ, ಸಾಹುಕಾರರ ಬಂಗಲೆ ನೋಡುತ್ತೇವೆ. ಕೂಲಿಗೆ ಹೋಗುತ್ತಿದ್ದವರ ಮನೆ, ಅವರು ಬದುಕಿದ ರೀತಿಯಲ್ಲೇ ಉಳಿದದ್ದು ಎಷ್ಟು ಕಡೆ ಸಿಗುತ್ತದೆ ಹೇಳಿ? ಗಿರಣಿಗಳು ಉಳಿದರೂ ಅವುಗಳ ಒಳಗೆ ದುಡಿದವರು ಎಲ್ಲಿ ಅಡುಗೆ ಮಾಡಿದರು, ಎಲ್ಲಿ ಮಲಗಿದರು, ಸಂಜೆ ಎಲ್ಲಿ ಕೂತು ಮಾತಾಡಿದರು ಎನ್ನುವುದು ಉಳಿಯುವುದಿಲ್ಲ. ಇಲ್ಲಿ ಅದು ಉಳಿದಿದೆ.

ಆದರೆ ದೊಡ್ಡ ಕಟ್ಟಡ, ಸಾಲು ಸಾಲು ಯಂತ್ರಗಳನ್ನು ನಿರೀಕ್ಷಿಸಿ ಹೋದರೆ ನಿರಾಸೆ ಆಗುತ್ತದೆ. ಇದು ಬೀದಿಯ ನಡುವೆ, ಅಕ್ಕಪಕ್ಕ ಬೇರೆ ಮನೆಗಳಿರುವ ಒಂದು ಮನೆ. ನೋಡಿ ಮುಗಿಸಲು ಒಂದು ಗಂಟೆ ಸಾಕು. ಪ್ರಶ್ನೆ ಕೇಳುವ ಅಭ್ಯಾಸ ಇದ್ದರೆ ಎರಡು ಗಂಟೆ ಇಟ್ಟುಕೊಳ್ಳಿ.

ಯಾವಾಗ ತೆರೆದಿರುತ್ತೆ? ಸುಮ್ನೆ ಹೋಗಿ ಬಾಗಿಲು ತಟ್ಟಬಹುದಾ?

ಸಾಮಾನ್ಯವಾಗಿ ಬುಧವಾರದಿಂದ ಶನಿವಾರದವರೆಗೆ ಮಧ್ಯಾಹ್ನ 1ರಿಂದ 4ರ ಒಳಗೆ ಮನೆ ತೋರಿಸುತ್ತಾರೆ. ಕೆಲಸ ಮಾಡುವವರು ಕಡಿಮೆ ಇರುವ ಜಾಗ. ಒಂದು ಶಾಲೆಯ ಗುಂಪು ಬಂದರೂ ಸಮಯ ಹೆಚ್ಚುಕಡಿಮೆ ಆಗಬಹುದು. ಹಾಗಾಗಿ ಹೊರಡುವ ಮುನ್ನ ಒಂದು ಫೋನ್ ಮಾಡಿ. ಹತ್ತು ಜನಕ್ಕಿಂತ ಜಾಸ್ತಿ ಇದ್ದರಂತೂ ಮೊದಲೇ ಹೇಳಲೇಬೇಕು, ಕೋಣೆಗಳು ಚಿಕ್ಕವು. ಪ್ರವೇಶ ಶುಲ್ಕ ತೀರಾ ಕಡಿಮೆ. ಕೈಯಲ್ಲಿ ಸ್ವಲ್ಪ ನಗದು ಇರಲಿ.

ಎಡಿಸನ್ ಕಡೆಯಿಂದ ಹೋಗೋದು ಹೇಗೆ? ಕಾರು ಇಲ್ಲದವರ ಗತಿ ಏನು?

ಕಾರಿನಲ್ಲಿ ಸುಮಾರು ಒಂದು ಗಂಟೆ, ಟ್ರಾಫಿಕ್ ಇದ್ದರೆ ಜಾಸ್ತಿ. ಮನೆಗಳ ಬೀದಿ ಆದ್ದರಿಂದ ರಸ್ತೆ ಬದಿಯಲ್ಲೇ ನಿಲ್ಲಿಸಬೇಕು. ಯಾರ ಮನೆಯ ಗೇಟಿಗೂ ಅಡ್ಡ ಹಾಕಬೇಡಿ.

ಕಾರಿಲ್ಲದಿದ್ದರೆ ಎನ್‌ಜೆ ಟ್ರಾನ್ಸಿಟ್ ರೈಲಿನಲ್ಲಿ ಸಿಕಾಕಸ್‌ಗೆ ಹೋಗಿ, ಅಲ್ಲಿ ಮೇನ್ ಲೈನ್ ರೈಲು ಹಿಡಿದು ಪ್ಯಾಟರ್ಸನ್ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಟ್ಯಾಕ್ಸಿ ಮಾಡಿಕೊಂಡರೆ ಬೇಗ ತಲುಪುತ್ತೀರಿ. ನ್ಯೂಯಾರ್ಕಿನಿಂದ ಬರುವವರಿಗೆ ಪೋರ್ಟ್ ಅಥಾರಿಟಿ ನಿಲ್ದಾಣದಿಂದ ಪ್ಯಾಟರ್ಸನ್‌ಗೆ ಬಸ್ಸೂ ಉಂಟು.

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತೋದು ಕಷ್ಟ. ಕರ್ಕೊಂಡು ಹೋಗಬಹುದಾ?

ಹಳೇ ಕಾಲದ ಮನೆ, ಮೆಟ್ಟಿಲು ಇವೆ. ಆದರೆ ಮುಖ್ಯವಾಗಿ ನೋಡಬೇಕಾದ ಕೋಣೆಗಳು ಕೆಳಗಿನ ಮಹಡಿಯಲ್ಲೇ ಇವೆ. ಅಡುಗೆಮನೆಯೂ ಅಲ್ಲೇ. ಫೋನ್ ಮಾಡಿದಾಗ ಮಂಡಿ ನೋವಿನ ವಿಷಯ ಹೇಳಿ, ಯಾವ ಬಾಗಿಲಿನಿಂದ ಬರುವುದು ಸುಲಭ ಎಂದು ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಈ ಮನೆ ಎಲ್ಲರಿಗಿಂತ ಜಾಸ್ತಿ ಹಿಡಿಸುವುದು ಊರಿನಿಂದ ಬಂದ ಅಮ್ಮಂದಿರಿಗೆ. ಹಳೇ ಒಲೆ, ಪಾತ್ರೆ, ಹಿತ್ತಲಿನ ತರಕಾರಿ ಮಡಿ ನೋಡಿದ ಕೂಡಲೇ ಅವರೇ ವಿವರಿಸಲು ಶುರು ಮಾಡುತ್ತಾರೆ.

ಎಂಟು ವರ್ಷದ ಮಗಳಿಗೆ ಬೋರ್ ಆಗಲ್ವಾ?

ಫಲಕಗಳನ್ನು ಓದಿಸಲು ಹೋದರೆ ಬೋರ್ ಆಗುತ್ತದೆ. ಬದಲಿಗೆ ಹೋಗುವ ದಾರಿಯಲ್ಲಿ ಅವಳಿಗೆ ಒಂದು ನಿಜ ಕತೆ ಹೇಳಿ. 1835ರಲ್ಲಿ ಪ್ಯಾಟರ್ಸನ್ನಿನ ಹತ್ತಿ ಗಿರಣಿಗಳಲ್ಲಿ ಮಕ್ಕಳೇ ಮುಷ್ಕರ ಮಾಡಿದ್ದರು. ಆಗ ದಿನಕ್ಕೆ ಹದಿಮೂರುವರೆ ಗಂಟೆ ಕೆಲಸ. ಅದನ್ನು 11 ಗಂಟೆಗೆ ಇಳಿಸಿ ಎಂದು ಕೇಳಿದರು. ಪೂರ್ತಿ ಸಿಗಲಿಲ್ಲ. ವಾರದ ದಿನಗಳಲ್ಲಿ 12 ಗಂಟೆ, ಶನಿವಾರ 9 ಗಂಟೆ ಅಂತ ಆಯಿತು. ತನ್ನ ವಯಸ್ಸಿನವರು ಎಷ್ಟು ಹೊತ್ತಿಗೆ ಏಳಬೇಕಿತ್ತು, ಎಷ್ಟು ಹೊತ್ತಿಗೆ ಮನೆಗೆ ಬರುತ್ತಿದ್ದರು ಎಂದು ಲೆಕ್ಕ ಹಾಕಲು ಬಿಡಿ. ಆಮೇಲೆ ಮನೆಯೊಳಗೆ ಅವಳೇ ಪ್ರಶ್ನೆ ಕೇಳುತ್ತಾಳೆ.

## ಮನೆ, ಮನೆಯವರು

ಬೊಟ್ಟೊ ಅಂದ್ರೆ ಯಾರು? ಯೂನಿಯನ್ ಲೀಡರಾ?

ಅಲ್ಲ. ಅದೇ ಈ ಮನೆಯ ವಿಶೇಷ. ಪಿಯೆತ್ರೊ ಮತ್ತು ಮರಿಯಾ ಬೊಟ್ಟೊ ಉತ್ತರ ಇಟಲಿಯ ಬಿಯೆಲ್ಲಾ ಕಡೆಯವರು. ಬಿಯೆಲ್ಲಾ ಇವತ್ತಿಗೂ ಉಣ್ಣೆ ಬಟ್ಟೆಗೆ ಹೆಸರಾದ ಪ್ರದೇಶ, ನೇಯ್ಗೆ ಅಲ್ಲಿನವರಿಗೆ ಹುಟ್ಟಿನಿಂದ ಬಂದ ಕಸುಬು. 1890ರ ದಶಕದಲ್ಲಿ ಅಮೆರಿಕಕ್ಕೆ ಬಂದು ರೇಷ್ಮೆ ಗಿರಣಿ ಸೇರಿದರು. ನಾಲ್ಕು ಹೆಣ್ಣುಮಕ್ಕಳು. ದೊಡ್ಡವರಾದ ಹಾಗೆ ಮಕ್ಕಳೂ ಗಿರಣಿ ಕೆಲಸಕ್ಕೆ ನಡೆದರು.

ಭಾಷಣ ಮಾಡಿದವರ ಹೆಸರು ಎಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ಮನೆ ಕೊಟ್ಟವರು ಈ ದಂಪತಿ. ಇಪ್ಪತ್ತು ಸಾವಿರ ಜನ ಬಂದು ಅಂಗಳ ತುಳಿಯುತ್ತಾರೆ, ಗಿರಣಿ ಮಾಲೀಕರಿಗೆ ಗುರುತು ಸಿಗುತ್ತದೆ, ಮುಂದೆ ಕೆಲಸ ಸಿಗುವುದು ಕಷ್ಟವಾಗಬಹುದು. ಇದೆಲ್ಲ ಇದ್ದರೂ ಆಗಲಿ ಬನ್ನಿ ಎಂದರು. ನಾನು ಈ ಮ್ಯೂಸಿಯಂಗೆ ಮತ್ತೆ ಮತ್ತೆ ಜನರನ್ನು ಕಳಿಸುವುದು ಇವರಿಗಾಗಿ.

ಕೂಲಿ ನೇಕಾರರು ಹನ್ನೆರಡು ಕೋಣೆ ಮನೆ ಕಟ್ಟಿಸಿದ್ದು ಹೇಗೆ? ಅಷ್ಟು ಸಂಬಳ ಇತ್ತಾ?

ಸಂಬಳದಿಂದ ಮಾತ್ರ ಆಗಲಿಲ್ಲ. ಸುಮಾರು ಹದಿನೈದು ವರ್ಷ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ದುಡ್ಡು ಅದು. ಕಟ್ಟಿದ ಮೇಲೂ ಇಡೀ ಮನೆಯಲ್ಲಿ ಅವರೇ ಇರಲಿಲ್ಲ. ಕೆಳಗಿನ ಮಹಡಿಯಲ್ಲಿ ಸಂಸಾರ, ಮೇಲಿನದು ಬಾಡಿಗೆಗೆ.

ಮರಿಯಾ ಅವರ ದುಡಿಮೆಯನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ನಾಲ್ಕು ಮಕ್ಕಳ ಮನೆಯನ್ನು ತೂಗಿಸುವುದರ ಜತೆಗೆ ಬಾಡಿಗೆಯವರಿಗೆ ಅಡುಗೆ ಮಾಡುತ್ತಿದ್ದರು. ಭಾನುವಾರ ಪ್ಯಾಟರ್ಸನ್ನಿನ ಇಟಾಲಿಯನ್ ಕುಟುಂಬಗಳು ಟ್ರಾಮ್ ಹತ್ತಿ ಹೇಲ್ಡನ್ನಿಗೆ ಗಾಳಿ ಸೇವನೆಗೆ ಬರುತ್ತಿದ್ದವು. ಬೊಟ್ಟೊ ಮನೆಯ ದ್ರಾಕ್ಷಿ ಚಪ್ಪರದ ಕೆಳಗೆ ಊಟ, ಪಕ್ಕದಲ್ಲಿ ಬೊಚ್ಚಿ ಚೆಂಡಾಟ. ಆ ಊಟದಿಂದಲೂ ನಾಲ್ಕು ಕಾಸು ಬರುತ್ತಿತ್ತು. ಇದರ ಮೇಲೆ ಗಿರಣಿಯಿಂದ ಬಂದ ರೇಷ್ಮೆ ಬಟ್ಟೆಯ ದೋಷ ತೆಗೆಯುವ ಕೆಲಸ. ನೇಯ್ದ ಬಟ್ಟೆಯನ್ನು ಬೆಳಕಿಗೆ ಹರಡಿ, ಗಂಟು ಇರುವ ಕಡೆ, ಎಳೆ ಎದ್ದಿರುವ ಕಡೆ ಚಿಮುಟದಂಥ ಚಿಕ್ಕ ಸಾಧನದಿಂದ ಒಂದೊಂದಾಗಿ ಕೀಳಬೇಕು. ಸ್ವಲ್ಪ ಜೋರಾಗಿ ಎಳೆದರೆ ಬಟ್ಟೆಯೇ ಹಾಳು. ಕಣ್ಣು ಮತ್ತು ಬೆರಳು ಎರಡನ್ನೂ ತಿನ್ನುವ ಕೆಲಸ. ಮನೆಯಲ್ಲೇ ಕೂತು ಮಾಡುವ ಇಂಥ ಕೆಲಸವನ್ನು ಯಾರೂ ಗಿರಣಿ ಕೆಲಸ ಎಂದು ಎಣಿಸುವುದಿಲ್ಲ. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಮನೆಗಳನ್ನು ನೋಡಿದ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಒಳಗೆ ಏನೇನು ನೋಡಬೇಕು? ಯಾವುದನ್ನ ತಪ್ಪಿಸಬಾರದು?

ಕೆಳಗಿನ ಕೋಣೆಗಳನ್ನು ಆ ಕಾಲದ ಸಾಮಾನುಗಳೊಂದಿಗೆ ಜೋಡಿಸಿದ್ದಾರೆ. ಮೇಲೆ ಆಗಾಗ ಬದಲಾಗುವ ಪ್ರದರ್ಶನಗಳು ಇರುತ್ತವೆ. ಸಮಯ ಕಡಿಮೆ ಇದ್ದರೆ ಮೂರು ಜಾಗ ತಪ್ಪಿಸಬೇಡಿ.

ಒಂದು, ಅಡುಗೆಮನೆ. ಕಲ್ಲಿದ್ದಲಿನ ಒಲೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಬೇಸಿಗೆಯಲ್ಲಿ ಹೋದರೆ, ಅದನ್ನು ಉರಿಸಿಕೊಂಡು ಹತ್ತಾರು ಜನಕ್ಕೆ ಬೇಯಿಸುವುದು ಹೇಗಿದ್ದಿರಬೇಕು ಎಂದು ತಾನಾಗಿ ತಿಳಿಯುತ್ತದೆ.

ಎರಡು, ಬಾಲ್ಕನಿ. ಮುಷ್ಕರದ ಭಾಷಣಗಳು ನಡೆದದ್ದು ಅಲ್ಲಿಂದ. ನೋಡಿದವರೆಲ್ಲ ಇಷ್ಟೇನಾ ಅನ್ನುತ್ತಾರೆ. ನಾಲ್ಕಾರು ಜನ ಒತ್ತಾಗಿ ನಿಲ್ಲುವಷ್ಟು ಜಾಗ. ಬೀದಿಗೆ ಇಳಿದು, ಎದುರು ಬದಿಯ ಪಾದಚಾರಿ ದಾರಿಯಿಂದ ತಲೆ ಎತ್ತಿ ನೋಡಿ. ಈಗ ಸುತ್ತ ಮನೆಗಳು ಎದ್ದಿವೆ. ಆಗ ಬಯಲಿತ್ತು.

ಮೂರು, ಹಿತ್ತಲು. ತರಕಾರಿ, ದ್ರಾಕ್ಷಿ, ಬೊಚ್ಚಿ ಆಟದ ಅಂಕಣ. ಮುಷ್ಕರ ಅಂದರೆ ಬರೀ ಸಿಟ್ಟು, ಘೋಷಣೆ ಎಂದು ತಿಳಿದವರು ಇಲ್ಲಿ ಹೆಚ್ಚು ಹೊತ್ತು ಇರಬೇಕು. ಈ ಜನ ಕೇಳಿದ ಎಂಟು ಗಂಟೆ ದುಡಿಮೆ ಇಂಥ ಸಂಜೆಗಳಿಗಾಗಿಯೇ.

ನೇಕಾರರ ಮನೆ ಅಂದ್ರಿ. ಮಗ್ಗ ಎಲ್ಲಿ?

ದೊಡ್ಡ ಯಂತ್ರಗಳು ನೋಡಬೇಕಾದರೆ ಕೆಲವೇ ನಿಮಿಷದ ದೂರದಲ್ಲಿರುವ ಪ್ಯಾಟರ್ಸನ್ ಮ್ಯೂಸಿಯಂಗೆ ಹೋಗಿ. ಹಿಂದೆ ರಾಜರ್ಸ್ ಕಂಪನಿಯವರು ರೈಲು ಎಂಜಿನ್ ಜೋಡಿಸುತ್ತಿದ್ದ ಕಟ್ಟಡದಲ್ಲಿ ಅದು ಇದೆ. ರೇಷ್ಮೆ ಮಗ್ಗ, ನೂಲು ಸುತ್ತುವ ಯಂತ್ರಗಳನ್ನು ಹತ್ತಿರದಿಂದ ನೋಡಬಹುದು. ಇಲ್ಕಲ್, ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿ ಕಡೆಯವರಾದರೆ ಲಾಳಿ, ಹಾಸು (ಉದ್ದದ ಎಳೆ), ಹೊಕ್ಕು (ಲಾಳಿ ಒಯ್ಯುವ ಅಡ್ಡ ಎಳೆ) ಎಲ್ಲ ಗುರುತು ಹಿಡಿಯುತ್ತೀರಿ. ಗೈಡ್‌ಗೆ ನೀವೇ ಒಂದೆರಡು ವಿಷಯ ಹೇಳಿಕೊಡಬಹುದು.

## 1913ರ ಮುಷ್ಕರ

ಮುಷ್ಕರ ಯಾಕೆ ಶುರುವಾಯ್ತು? ಸಂಬಳಕ್ಕಾ?

ಸಂಬಳವೂ ಸೇರಿತ್ತು. ಆದರೆ ಕಿಡಿ ಹತ್ತಿದ್ದು ಮಗ್ಗದ ಲೆಕ್ಕದಲ್ಲಿ. ಅಲ್ಲಿಯವರೆಗೆ ಅಗಲ ರೇಷ್ಮೆ ನೇಯುವವರು ಒಬ್ಬೊಬ್ಬರು ಎರಡು ಮಗ್ಗ ನೋಡಿಕೊಳ್ಳುತ್ತಿದ್ದರು. ಮಾಲೀಕರು ಅದನ್ನು ಮೂರು, ನಾಲ್ಕಕ್ಕೆ ಏರಿಸಲು ಹೊರಟರು.

ನೇಕಾರಿಕೆ ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಮಗ್ಗ ತಾನಾಗಿಯೇ ಓಡುತ್ತದೆ, ನಾಲ್ಕಾದರೇನು? ರೇಷ್ಮೆ ಎಳೆ ಕೂದಲಿಗಿಂತ ಸಣ್ಣ. ಹಾಸಿನಲ್ಲಿ ಅಂಥ ಸಾವಿರಾರು ಎಳೆಗಳು. ಒಂದು ತುಂಡಾದರೆ ಮಗ್ಗ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕಿ ಮತ್ತೆ ಓಡಿಸಬೇಕು. ಗಮನಿಸದೆ ಬಿಟ್ಟರೆ ಬಟ್ಟೆಯಲ್ಲಿ ಗೀರು ಬೀಳುತ್ತದೆ, ಕೂಲಿ ಕತ್ತರಿಸುತ್ತಾರೆ. ಎರಡು ಮಗ್ಗದ ನಡುವೆ ನಿಂತರೆ ಕಣ್ಣಾಡಿಸುತ್ತಾ ಇರಬಹುದು. ನಾಲ್ಕಾದರೆ ಇಡೀ ದಿನ ಓಡಾಟ. ಜತೆಗೆ, ಅರ್ಧಕ್ಕೆ ಅರ್ಧ ನೇಕಾರರು ಬೀದಿಗೆ ಬೀಳುತ್ತಾರೆ, ಉಳಿದವರ ಕೂಲಿಯೂ ಇಳಿಯುತ್ತದೆ ಎಂಬ ಭಯ. ಆ ಭಯ ಸುಳ್ಳಾಗಿರಲಿಲ್ಲ.

1913ರ ಜನವರಿ ಕೊನೆಗೆ ಡೊಹರ್ಟಿ ಗಿರಣಿಯಲ್ಲಿ ಇದೇ ವಿಷಯಕ್ಕೆ ಜಗಳ ಎದ್ದು ಕೆಲಸಗಾರರು ಹೊರಬಂದರು. ಫೆಬ್ರವರಿ 25ಕ್ಕೆ ಇಡೀ ಊರು ಹೊರಬಂತು. ಸುಮಾರು 300 ಗಿರಣಿ, ಬಣ್ಣದ ಕಾರ್ಖಾನೆಗಳ 24,000ಕ್ಕೂ ಹೆಚ್ಚು ಜನ. ನೇಕಾರರ ಜತೆ ರಿಬ್ಬನ್ ನೇಯುವವರು, ಬಣ್ಣ ಹಾಕುವವರು ಸೇರಿದರು. ಬಣ್ಣದ ಕೆಲಸದವರ ಪಾಡು ಎಲ್ಲರಿಗಿಂತ ಕೆಟ್ಟದಿತ್ತು. ಒದ್ದೆ ನೆಲ, ಎದುರಿಗಿದ್ದವರ ಮುಖ ಕಾಣದಷ್ಟು ಹಬೆ, ಚರ್ಮ ಸುಡುವ ರಾಸಾಯನಿಕ. ದಿನಕ್ಕೆ ಹತ್ತು ಗಂಟೆ ಇದ್ದ ಕೆಲಸವನ್ನು ಎಂಟಕ್ಕೆ ಇಳಿಸಿ ಎಂಬುದು ಎಲ್ಲರನ್ನೂ ಒಂದು ಮಾಡಿದ ಬೇಡಿಕೆ.

ಮುಷ್ಕರ ಪ್ಯಾಟರ್ಸನ್‌ನಲ್ಲಿ, ಸಭೆ ಹೇಲ್ಡನ್‌ನಲ್ಲಿ. ಯಾಕೆ ಹಾಗೆ?

ಪ್ಯಾಟರ್ಸನ್ ಪೊಲೀಸರು ಸಭೆ ನಡೆಸಲು ಬಿಡಲಿಲ್ಲ. ಭಾಷಣಕಾರರನ್ನು ಹಿಡಿದರು, ಸಭಾಂಗಣಗಳಿಗೆ ಬೀಗ ಬಿತ್ತು. ಮುಷ್ಕರ ಮುಗಿಯುವ ಹೊತ್ತಿಗೆ 1,800ಕ್ಕೂ ಹೆಚ್ಚು ಜನ ಬಂಧನ ಕಂಡಿದ್ದರು. ಭಾನುವಾರ ಸಭೆ ಸೇರಲು ಅಲ್ಲಿ ಕಾನೂನಿನ ಅಡ್ಡಿಯೂ ಇತ್ತು. ದುಡಿಯುವವರಿಗೆ ಪುರುಸೊತ್ತು ಸಿಗುವುದೇ ಭಾನುವಾರ.

ಹೇಲ್ಡನ್ ಬೇರೆ ಊರು, ಪ್ಯಾಟರ್ಸನ್ ಪೊಲೀಸರ ಕೈ ಅಲ್ಲಿಗೆ ಚಾಚುತ್ತಿರಲಿಲ್ಲ. ಅಲ್ಲಿನ ಮೇಯರ್ ವಿಲಿಯಂ ಬ್ರೂಕ್‌ಮನ್ ಸಮಾಜವಾದಿ, ಕಾರ್ಮಿಕರ ಪರ ಇದ್ದವರು. ಬನ್ನಿ, ಇಲ್ಲಿ ಮಾತಾಡಿ ಎಂದರು. ಟ್ರಾಮ್ ಸಾಲು ಹತ್ತಿರವೇ ಮುಗಿಯುತ್ತಿತ್ತು. ಆದರೂ ಬಹಳ ಜನ ನಡೆದೇ ಬಂದರು, ಮಕ್ಕಳು ಮರಿ ಕಟ್ಟಿಕೊಂಡು. ಮನೆ ಇಳಿಜಾರಿನ ಮೇಲೆ ಇದ್ದದ್ದೂ, ಸುತ್ತ ಬಯಲಿದ್ದದ್ದೂ ಅನುಕೂಲವಾಯಿತು.

ಮೈಕ್ ಇಲ್ಲದ ಕಾಲ. ಅಷ್ಟು ಜನಕ್ಕೆ ಕೇಳಿಸಿದ್ದು ಹೇಗೆ? ಎಲ್ಲರಿಗೂ ಇಂಗ್ಲಿಷ್ ಬರ್ತಿತ್ತಾ?

ಎತ್ತರದ ಜಾಗ, ಗಟ್ಟಿ ಗಂಟಲು, ಅಷ್ಟೇ. ಭಾಷೆಯ ವಿಷಯಕ್ಕೆ ಬಂದರೆ ಇಟಾಲಿಯನ್ನರು, ಪೋಲೆಂಡಿನ ಲೋಜ್ ಕಡೆಯ ಯಹೂದಿ ನೇಕಾರರು, ಜರ್ಮನ್ನರು, ಇಂಗ್ಲಿಷರು ಎಲ್ಲ ಒಟ್ಟಿಗೆ ನಿಂತಿದ್ದರು. ಹಾಗಾಗಿ ಭಾಷಣಗಳೂ ಹಲವು ಭಾಷೆಯಲ್ಲಿ ನಡೆದವು. ಮುಷ್ಕರದ ಮುಂದಾಳುಗಳಲ್ಲಿ ಒಬ್ಬರಾದ ಕಾರ್ಲೊ ತ್ರೆಸ್ಕಾ ಇಟಾಲಿಯನ್‌ನಲ್ಲಿ ಮಾತಾಡುತ್ತಿದ್ದರು.

ಇನ್ನೊಬ್ಬ ಮುಂದಾಳು ಬಿಲ್ ಹೇವುಡ್ ಹಿಂದೆ ಗಣಿ ಕಾರ್ಮಿಕರಾಗಿದ್ದವರು, ಆಜಾನುಬಾಹು, ಒಂದು ಕಣ್ಣು ಇಲ್ಲ. ಇಂಗ್ಲಿಷ್ ಬಾರದವರಿಗೆ ಅವರು ಕೈಯಲ್ಲೇ ಹೇಳುತ್ತಿದ್ದರು. ಐದು ಬೆರಳು ಬಿಡಿಸಿ ಒಂದೊಂದನ್ನೇ ಮುಟ್ಟಿ ತೋರಿಸುವುದು, ಆಮೇಲೆ ಗಟ್ಟಿಯಾಗಿ ಮುಷ್ಟಿ ಕಟ್ಟಿ ಎತ್ತುವುದು. ಅದಕ್ಕೆ ಯಾವ ಭಾಷೆ ಬೇಕು?

ಇದನ್ನ ನಡೆಸಿದ್ದು ಯಾವ ಸಂಘ?

ಐಡಬ್ಲ್ಯುಡಬ್ಲ್ಯು, ಅಂದರೆ ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್. 1905ರಲ್ಲಿ ಷಿಕಾಗೋದಲ್ಲಿ ಹುಟ್ಟಿದ್ದು. ಕಸುಬು, ಕುಲ, ದೇಶ ನೋಡದೆ ಎಲ್ಲರನ್ನೂ ಒಂದೇ ಸಂಘಕ್ಕೆ ಸೇರಿಸಿಕೊಳ್ಳುವುದು ಅವರ ದಾರಿ. ಹಿಂದಿನ ವರ್ಷ ಮ್ಯಾಸಚೂಸೆಟ್ಸಿನ ಲಾರೆನ್ಸ್ ಊರಿನ ಬಟ್ಟೆ ಗಿರಣಿ ಮುಷ್ಕರದಲ್ಲಿ ಗೆದ್ದು ಬಂದಿದ್ದರು.

ಹೆಂಗಸರು ಬರೀ ಊಟ ಹಾಕ್ತಿದ್ರಾ, ಮುಷ್ಕರದಲ್ಲೂ ಇದ್ರಾ?

ಮುಂದೆಯೇ ಇದ್ದರು. ಗಿರಣಿಗಳಲ್ಲಿ ಹೆಂಗಸರು, ಹುಡುಗಿಯರ ಸಂಖ್ಯೆ ದೊಡ್ಡದಿತ್ತು. ಐಡಬ್ಲ್ಯುಡಬ್ಲ್ಯು ಸಂಘಟಕಿ ಎಲಿಜಬೆತ್ ಗರ್ಲಿ ಫ್ಲಿನ್‌ಗೆ ಆಗ ಇನ್ನೂ 22 ವರ್ಷ. ಈ ಬಾಲ್ಕನಿಯಿಂದ ಮಾತಾಡಿದವರಲ್ಲಿ ಅವರೂ ಒಬ್ಬರು. ಹೆಂಗಸರಿಗಾಗಿಯೇ ಬೇರೆ ಸಭೆಗಳನ್ನೂ ನಡೆಸಿದರು. ಹ್ಯಾನಾ ಸಿಲ್ವರ್‌ಮನ್ ಎಂಬ ಹದಿನೇಳರ ಗಿರಣಿ ಹುಡುಗಿ ಮತ್ತೆ ಮತ್ತೆ ಬಂಧನವಾದರೂ ಗಿರಣಿ ಬಾಗಿಲಲ್ಲಿ ಪ್ರತಿಭಟಿಸುವವರ ಸಾಲಿಗೆ ವಾಪಸ್ ಬರುತ್ತಿದ್ದಳು. ಕೂಲಿ ನಿಂತ ಮೇಲೆ ಮನೆಯಲ್ಲಿ ಒಲೆ ಉರಿಸಬೇಕಾದವರೂ ಇವರೇ. ಕೆಲವು ತಾಯಂದಿರು ಹೊಟ್ಟೆಗಿಲ್ಲದ ಮಕ್ಕಳನ್ನು ನ್ಯೂಯಾರ್ಕಿನ ಬೆಂಬಲಿಗರ ಮನೆಗಳಿಗೆ ಕಳಿಸಿದರು. ಗೈಡ್ ಹತ್ತಿರ ಈ ವಿಷಯ ತಪ್ಪದೆ ಕೇಳಿ.

ಕೊನೆಗೆ ಗೆದ್ದರಾ?

ಇಲ್ಲ. ಐದು ತಿಂಗಳು ಹಿಡಿದು ನಿಂತು, ಜುಲೈ ಕೊನೆಯ ಹೊತ್ತಿಗೆ ಸೋತರು.

ದೊಡ್ಡ ಕಾರಣ ಪೆನ್ಸಿಲ್ವೇನಿಯಾ. ಪ್ಯಾಟರ್ಸನ್ನಿನ ಎಷ್ಟೋ ಮಾಲೀಕರು ಅಲ್ಲಿನ ಕಲ್ಲಿದ್ದಲು ಊರುಗಳಲ್ಲಿ ಆಗಲೇ ಗಿರಣಿ ತೆರೆದಿದ್ದರು. ಗಣಿ ಕೆಲಸಗಾರರ ಹೆಂಡತಿ, ಮಕ್ಕಳು ಕಡಿಮೆ ಕೂಲಿಗೆ ಸಿಗುತ್ತಿದ್ದರು. ಇಲ್ಲಿ ಮಗ್ಗ ನಿಂತರೂ ಅಲ್ಲಿ ಓಡುತ್ತಿತ್ತು. ಹಾಗಾಗಿ ಮಾಲೀಕರಿಗೆ ಕಾಯುವ ಶಕ್ತಿ ಇತ್ತು, ಕಾರ್ಮಿಕರಿಗೆ ಇರಲಿಲ್ಲ. ಜೂನ್ 7ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಾವಿರಕ್ಕೂ ಹೆಚ್ಚು ಮುಷ್ಕರಗಾರರು ರಂಗಕ್ಕೆ ಬಂದು ತಮ್ಮ ಕತೆಯನ್ನು ತಾವೇ ಅಭಿನಯಿಸಿದರು. ಪತ್ರಕರ್ತ ಜಾನ್ ರೀಡ್ ಅದರ ಹಿಂದೆ ಇದ್ದವರು. ಪ್ಯಾಟರ್ಸನ್ ಜೈಲನ್ನು ಅವರೂ ಕಂಡು ಬಂದಿದ್ದರು. ಜನ ಕಿಕ್ಕಿರಿದು ಬಂದರು, ಹೆಸರೂ ಬಂತು. ಆದರೆ ಖರ್ಚು ಕಳೆದು ಕೈಗೆ ಏನೂ ಉಳಿಯಲಿಲ್ಲ. ದುಡ್ಡು ಬರುತ್ತದೆ ಎಂದು ಕಾದಿದ್ದವರಲ್ಲಿ ಬೇಸರ, ಅನುಮಾನ ಹುಟ್ಟಿತು. ಆಮೇಲೆ ಕೆಲವು ಗುಂಪುಗಳು ಗಿರಣಿ ಗಿರಣಿಗೆ ಬೇರೆ ಬೇರೆ ಒಪ್ಪಂದ ಮಾಡಿಕೊಂಡವು. ಒಗ್ಗಟ್ಟು ಅಲ್ಲಿಗೆ ಮುರಿಯಿತು.

ಸೋತ ಮುಷ್ಕರಕ್ಕೆ ಮ್ಯೂಸಿಯಂ ಯಾಕೆ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಅವರು ಕೇಳಿದ ಎಂಟು ಗಂಟೆ ದುಡಿಮೆ ಕೆಲವೇ ವರ್ಷಗಳಲ್ಲಿ ಪ್ಯಾಟರ್ಸನ್ನಿಗೆ ಬಂತು. 1938ರಲ್ಲಿ ಕೂಲಿಯ ಕನಿಷ್ಠ ದರ, ವಾರದ ದುಡಿಮೆಯ ಮಿತಿ, ಬಾಲಕಾರ್ಮಿಕ ನಿಷೇಧ ಇಡೀ ಅಮೆರಿಕದ ಕಾನೂನಾಯಿತು. ಇದೆಲ್ಲ ಈ ಒಂದು ಮುಷ್ಕರದಿಂದ ಬಂತು ಎಂದರೆ ತಪ್ಪಾಗುತ್ತದೆ. ಇಂಥ ನೂರಾರು ಹೋರಾಟಗಳಲ್ಲಿ ಬಹಳಷ್ಟು ಸೋತವೇ. ಸೋತವರ ಹೆಸರನ್ನು ಬಿಟ್ಟು ಗೆದ್ದ ದಿನ ಮಾತ್ರ ನೆನೆದರೆ, ಕಾನೂನು ಯಾರೋ ದೊಡ್ಡವರು ಕೊಟ್ಟ ದಾನ ಎಂದು ಮುಂದಿನವರು ತಿಳಿಯುತ್ತಾರೆ. ಶನಿವಾರ ಭಾನುವಾರ ರಜೆ ಅನುಭವಿಸುವ ಐಟಿ ಕೆಲಸದ ನಮ್ಮಂಥವರೂ ಹಾಗೇ ತಿಳಿದಿದ್ದೇವೆ ಅಲ್ವಾ?

## ಇನ್ನೂ ಸ್ವಲ್ಪ ಒಳಕ್ಕೆ

ಇದು ಒಂದು ಕಡೆಯವರ ಪ್ರಚಾರ ಅಲ್ವಾ? ಮಾಲೀಕರ ಕತೆ ಎಲ್ಲಿ?

ಇದು ಕಾರ್ಮಿಕರ ಕಡೆ ನಿಂತ ಮ್ಯೂಸಿಯಂ. ಅದನ್ನು ಅವರು ಮುಚ್ಚಿಡುವುದಿಲ್ಲ, ಹೆಸರಲ್ಲೇ ಇದೆ. ಮಾಲೀಕರ ಕತೆ ಬೇಕಾದರೆ ಗ್ಯಾರೆಟ್ ಗುಡ್ಡದ ಮೇಲೆ ಕೋಟೆಯ ಹಾಗೆ ನಿಂತಿರುವ ಲ್ಯಾಂಬರ್ಟ್ ಕ್ಯಾಸಲ್ ನೋಡಿ. ರೇಷ್ಮೆ ಗಿರಣಿ ಮಾಲೀಕ ಕ್ಯಾಥೊಲೈನಾ ಲ್ಯಾಂಬರ್ಟ್ 1890ರ ದಶಕದ ಆರಂಭದಲ್ಲಿ ಕಟ್ಟಿಸಿದ್ದು. ದುರಸ್ತಿಗೆ ಮುಚ್ಚಿರುವುದೂ ಉಂಟು, ವಿಚಾರಿಸಿ ಹೋಗಿ.

ಲ್ಯಾಂಬರ್ಟ್ ಕೂಡ ಇಂಗ್ಲೆಂಡಿನ ಬಡ ಮನೆಯಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಗಿರಣಿಗೆ ಸೇರಿದವರು. 1913ರ ನಂತರ ಅವರ ವ್ಯವಹಾರವೂ ಕುಸಿಯಿತು. 1916ರಲ್ಲಿ ತಮ್ಮ ಚಿತ್ರಗಳ ಸಂಗ್ರಹವನ್ನು ಹರಾಜಿಗೆ ಇಡಬೇಕಾಯಿತು. ಕ್ಯಾಸಲ್ ಮತ್ತು ಬೊಟ್ಟೊ ಮನೆ, ಎರಡನ್ನೂ ಒಂದೇ ದಿನ ನೋಡಿ. ಎರಡೂ ಒಂದೇ ರೇಷ್ಮೆಯ ದುಡ್ಡಿನಿಂದ ಎದ್ದ ಕಟ್ಟಡಗಳು.

ರೇಷ್ಮೆ ಗಿರಣಿಗಳು ಪ್ಯಾಟರ್ಸನ್‌ನಲ್ಲೇ ಯಾಕೆ ಬೆಳೆದವು?

ನೀರು. ಪಸೇಯಿಕ್ ನದಿ ಅಲ್ಲಿ 77 ಅಡಿ ಧುಮುಕುತ್ತದೆ. ಆ ಬಲದಿಂದ ಕಾರ್ಖಾನೆಗಳ ಊರು ಕಟ್ಟಬೇಕೆಂದು ಅಮೆರಿಕದ ಮೊದಲ ಹಣಕಾಸು ಸಚಿವ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮತ್ತು ಜತೆಗಾರರು 1791ರಲ್ಲೇ ಒಂದು ಸಂಸ್ಥೆ ಮಾಡಿದರು. ಕಾಲುವೆ ತೋಡಿ ಗಿರಣಿಗಳಿಗೆ ನೀರು ಹಾಯಿಸಿದರು. ಮೊದಲು ಹತ್ತಿ, ಆಮೇಲೆ ರೈಲು ಎಂಜಿನ್, ಹತ್ತೊಂಬತ್ತನೇ ಶತಮಾನದ ಕೊನೆಗೆ ರೇಷ್ಮೆ. ನದಿಯ ಮೆದು ನೀರು (ಲವಣಾಂಶ ಕಡಿಮೆ ಇರುವುದು) ರೇಷ್ಮೆಗೆ ಬಣ್ಣ ಹಾಕಲು ಹೇಳಿ ಮಾಡಿಸಿದಂತಿತ್ತು. ಜಲಪಾತ ಈಗ ರಾಷ್ಟ್ರೀಯ ಉದ್ಯಾನ. ಗೋಕಾಕ ಫಾಲ್ಸ್ ಮತ್ತು ಅದರ ಪಕ್ಕದ ಹತ್ತಿ ಗಿರಣಿ ನೋಡಿದವರಿಗೆ ಇಲ್ಲಿ ನಿಂತಾಗ ಊರು ನೆನಪಾಗದೆ ಇರದು. ಅಲ್ಲೂ ಘಟಪ್ರಭೆಯ ಬಲದಿಂದಲೇ 1880ರ ದಶಕದಲ್ಲಿ ಗಿರಣಿ ಎದ್ದದ್ದು.

ಈಗ ಪ್ಯಾಟರ್ಸನ್ನಿನಲ್ಲಿ ಆ ರೇಷ್ಮೆಯ ಭರಾಟೆ ಇಲ್ಲ. ರೇಯಾನ್ ಎಂಬ ಕೃತಕ ರೇಷ್ಮೆ ಬಂತು, ಗಿರಣಿಗಳು ಬೇರೆ ಕಡೆ ಹೋದವು. ಆದರೆ ವಲಸೆ ಬಂದು ದುಡಿಯುವವರ ಊರಾಗಿಯೇ ಉಳಿದಿದೆ. ಪೆರು, ಬಾಂಗ್ಲಾದೇಶ, ಅರಬ್ ನಾಡುಗಳ ಜನ ಜಾಸ್ತಿ. ಮಧ್ಯಾಹ್ನದ ಊಟ ಅಲ್ಲೇ ಮಾಡಿ.

ನಮ್ಮ ಮೈಸೂರು ರೇಷ್ಮೆಗೂ ಇದಕ್ಕೂ ಏನಾದರೂ ನಂಟಿದೆಯಾ?

ಕಾಲ ಒಂದೇ. ಪ್ಯಾಟರ್ಸನ್ನಿಗೆ ಕಚ್ಚಾ ರೇಷ್ಮೆ ಬರುತ್ತಿದ್ದದ್ದು ಬಹುಪಾಲು ಜಪಾನಿನಿಂದ, ಜತೆಗೆ ಚೀನಾ, ಇಟಲಿಯಿಂದ. ಅದೇ ಹೊತ್ತಿನಲ್ಲಿ ಮೈಸೂರು ಸಂಸ್ಥಾನವೂ ಇದೇ ದೇಶಗಳ ಕಡೆ ನೋಡುತ್ತಿತ್ತು. ಜೆ.ಎನ್. ಟಾಟಾ ಬೆಂಗಳೂರಿನ ರೇಷ್ಮೆ ತೋಟಕ್ಕೆ ಜಪಾನಿನ ಪದ್ಧತಿ ತಂದರು. ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. 1912ರಲ್ಲಿ, ಅಂದರೆ ಪ್ಯಾಟರ್ಸನ್ ಮುಷ್ಕರಕ್ಕೆ ಒಂದು ವರ್ಷ ಮುಂಚೆ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. ಸ್ವಿಟ್ಜರ್ಲೆಂಡಿನಿಂದ ತರಿಸಿದ ಹತ್ತು ಮಗ್ಗಗಳಿಂದ. ಅಮ್ಮನ ಮೈಸೂರು ಸಿಲ್ಕ್ ಸೀರೆಯ ಹಿಂದಿನ ಕತೆಯೂ ಇದೇ ಕಾಲದ್ದು.

ನಮ್ಮೂರಲ್ಲೂ ಇಂಥದ್ದು ಮಾಡಬಹುದಲ್ವಾ? ಎಲ್ಲಿಂದ ಶುರು ಮಾಡೋದು?

ಮಾಡಬೇಕು, ಬೇಗ ಮಾಡಬೇಕು. ಬೆಂಗಳೂರಿನ ಬಿನ್ನಿ ಮಿಲ್ 1884ರಷ್ಟು ಹಳೆಯದು. ಅದರ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್, ಮಾಲ್ ಎದ್ದಿವೆ. ಗೋಕಾಕ, ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯ ಗಿರಣಿಗಳಲ್ಲಿ ದುಡಿದವರು ಈಗ ಅಜ್ಜ ಅಜ್ಜಿಯರು. 1913ರ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಒಂದು ಪಾಲು ಬಂದದ್ದು, ಮುಪ್ಪಿನಲ್ಲಿ ನೇಕಾರರು ಕೂತು ಹೇಳಿದ ಮಾತಿನಿಂದ.

ಕಟ್ಟಡ, ಅನುದಾನ ಎಲ್ಲ ಆಮೇಲೆ. ಮೊದಲು ಫೋನಿನಲ್ಲೇ ಅವರ ಮಾತು ರೆಕಾರ್ಡ್ ಮಾಡಿ. ಮೊದಲ ದಿನದ ಕೂಲಿ ಎಷ್ಟು, ಸೈರನ್ ಎಷ್ಟು ಹೊತ್ತಿಗೆ ಆಗುತ್ತಿತ್ತು, ಮಧ್ಯಾಹ್ನದ ಬುತ್ತಿಯಲ್ಲಿ ಏನಿರುತ್ತಿತ್ತು, ಮುಷ್ಕರದ ತಿಂಗಳಲ್ಲಿ ಅಂಗಡಿಯವರು ಸಾಲ ಕೊಟ್ಟರಾ ಎಂದು ಕೇಳಿ. ಹೆಂಗಸರನ್ನು ಬೇರೆಯಾಗಿ ಕೂರಿಸಿಕೊಂಡು ಕೇಳಿ, ಗಂಡಸರು ಎದುರಿಗಿದ್ದರೆ ಅವರೇ ಉತ್ತರ ಹೇಳಿಬಿಡುತ್ತಾರೆ. ಗೇಟ್ ಪಾಸ್, ಸಂಬಳದ ಚೀಟಿ, ಸಂಘದ ರಸೀದಿ, ಲಾಳಿ, ಬುತ್ತಿ ಡಬ್ಬಿ ಏನೇ ಸಿಕ್ಕರೂ ಎಸೆಯಲು ಬಿಡಬೇಡಿ. ಹಳೇ ಫೋಟೊದಲ್ಲಿ ಇರುವವರ ಹೆಸರು, ಗಿರಣಿ, ಇಸವಿಯನ್ನು ಪೆನ್ಸಿಲ್‌ನಲ್ಲಿ ಹಿಂಬದಿಗೆ ಬರೆದಿಡಿ. ಪೆನ್ನಿನ ಶಾಯಿ ಮುಂಬದಿಗೆ ಇಳಿಯುತ್ತದೆ.